ಮೇಣದ ಸಿಲಿಂಡರಿನಿಂದ ಮಂದಿಯ ಬಾಯಿಗೆ

ಅಮೆರಿಕದ ನೈಋತ್ಯ ಸೀಮೆಯಲ್ಲಿ, ಅಂದರೆ ಕ್ಯಾಲಿಫೋರ್ನಿಯಾ, ಅರಿಜೋನಾ, ನ್ಯೂ ಮೆಕ್ಸಿಕೊ, ಟೆಕ್ಸಸ್‌ಗಳಲ್ಲಿ, ಹಳೆಯ ಸ್ಪ್ಯಾನಿಷ್ ಮತ್ತು ಮೆಕ್ಸಿಕನ್ ಹಾಡುಗಳನ್ನು ಊರವರೇ ಕೂಡಿ ಹಾಡಿ ಉಳಿಸಿಕೊಳ್ಳುತ್ತಿರುವುದರ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಬಂದಿತ್ತು. ಅದನ್ನು ಓದಿ ಬಂದ ಪತ್ರಗಳಲ್ಲಿ ಅಲ್ಲೇ ನೆಲೆಸಿರುವ ಕನ್ನಡಿಗರದೇ ಹೆಚ್ಚು. ಪಕ್ಕದ ಮನೆಯವರು ಹಾಡಲು ಕರೆದಿದ್ದಾರೆ, ಹೋದರೆ ಏನು ಮಾಡಬೇಕು ಎಂಬ ಧಾಟಿಯವು. ಆಯ್ದ ಪ್ರಶ್ನೆಗಳಿಗೆ ನಮ್ಮ ಸಂಗೀತ ವಿಭಾಗದವರ ಉತ್ತರ ಇಲ್ಲಿದೆ.

ಪ್ರಶ್ನೆ: ಒಂದೇ ಹಾಡನ್ನು ಒಬ್ಬರು ‘ಸ್ಪ್ಯಾನಿಷ್’ ಅನ್ನುತ್ತಾರೆ, ಇನ್ನೊಬ್ಬರು ‘ಮೆಕ್ಸಿಕನ್’ ಅನ್ನುತ್ತಾರೆ. ಯಾವುದು ಸರಿ?
(ಓದುಗರು, ದಾವಣಗೆರೆ)

ಇಲ್ಲಿ ಹಾಡಿಗಿಂತ ಹೆಸರಿನಲ್ಲೇ ರಾಜಕೀಯ ಜಾಸ್ತಿ. ಸ್ಪೇನಿನ ದಂಡಿನ ಮುಖಂಡ ಹ್ವಾನ್ ದೆ ಓನ್ಯಾತೆಯ ಜೊತೆ ಸ್ಪ್ಯಾನಿಷ್ ಮಾತಾಡುವ ಒಕ್ಕಲುಗಳು ನ್ಯೂ ಮೆಕ್ಸಿಕೊಗೆ ಬಂದದ್ದು 1598ರಲ್ಲಿ. 1821ರಲ್ಲಿ ಮೆಕ್ಸಿಕೊ ಸ್ಪೇನಿನಿಂದ ಬಿಡಿಸಿಕೊಂಡಿತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಈ ಸೀಮೆಯ ಬಹುಪಾಲು ಅಮೆರಿಕದ ಪಾಲಾಯಿತು. 1815ರಲ್ಲಿ ಹುಟ್ಟಿ, ಹುಟ್ಟಿದ ಮನೆಯ ಹೊಸಿಲು ದಾಟದವರು ಕೂಡ ಮೂವತ್ತಮೂರು ವರ್ಷ ತುಂಬುವ ಹೊತ್ತಿಗೆ ಮೂರು ಸರ್ಕಾರ ಕಂಡಿದ್ದರು. ಆಮೇಲೆ, 1900ರ ಆಸುಪಾಸಿನಲ್ಲಿ, ಇಂಗ್ಲಿಷ್ ಮಾತಾಡುವ ಸಿರಿವಂತರಿಗೆ ‘ಸ್ಪ್ಯಾನಿಷ್’ ಅಂದರೆ ಯುರೋಪಿನ ಘನತೆ, ‘ಮೆಕ್ಸಿಕನ್’ ಅಂದರೆ ಕೂಲಿಯವರು. ಹಾಗಾಗಿ ಮೆಕ್ಸಿಕೊದಿಂದ ಮೇಲೆ ಬಂದ ಎಷ್ಟೋ ಹಾಡುಗಳು ಪುಸ್ತಕದೊಳಗೆ ‘ಸ್ಪ್ಯಾನಿಷ್’ ಎಂಬ ಅಂಗಿ ತೊಟ್ಟು ಕೂತಿವೆ.

ಹೆಸರು ಬಿಟ್ಟು ಬಂಧ ನೋಡಿ. ರಾಜಕುಮಾರಿ, ಯುದ್ಧಕ್ಕೆ ಹೋದ ಗಂಡ, ಹೀಗೆ ಮಧ್ಯಯುಗದ ಕಥೆ ಹೇಳುವ ‘ರೊಮಾನ್ಸೆ’ ಸ್ಪೇನಿನಿಂದ ಬಂದದ್ದು. ಅದರ ಮೊಮ್ಮಗನಂತಿರುವ ‘ಕೊರ್ರಿದೊ’ ಮೆಕ್ಸಿಕೊದ್ದು: ಊರು, ತಾರೀಖು, ಹೆಸರು ಹಿಡಿದು ನಡೆದದ್ದನ್ನು ಹೇಳುತ್ತದೆ. ನಮ್ಮ ಲಾವಣಿ ಬಲ್ಲವರಿಗೆ ಅದರ ಜಾಯಮಾನ ತಟ್ಟನೆ ಹಿಡಿಯುತ್ತದೆ. 1901ರಲ್ಲಿ ಟೆಕ್ಸಸ್‌ನ ಶೆರಿಫ್ ಒಬ್ಬನನ್ನು ಕೊಂದು ಕುದುರೆ ಏರಿ ತಪ್ಪಿಸಿಕೊಂಡ ಗ್ರೆಗೋರಿಯೊ ಕೊರ್ತೆಸ್ ಬಗ್ಗೆ ಹುಟ್ಟಿದ ಕೊರ್ರಿದೊ ಇವತ್ತಿಗೂ ಬಾಯಲ್ಲಿದೆ.

ಪ್ರಶ್ನೆ: ಲಮ್ಮಿಸ್ ಎಂಬವರು ನೂರು ವರ್ಷದ ಹಿಂದೆಯೇ ನೂರಾರು ಹಾಡು ಧ್ವನಿಮುದ್ರಿಸಿದ್ದಾರೆ ಅಂತ ಬರೆದಿದ್ದೀರಿ. ಮುದ್ರಣ ಇದ್ದ ಮೇಲೆ ಹಾಡು ಉಳಿದ ಹಾಗೇ ಅಲ್ಲವೇ? ಜನ ಸೇರಿ ಹಾಡುವ ಉಸಾಬರಿ ಯಾಕೆ?
(ಓದುಗರು, ಧಾರವಾಡ)

ಚಾರ್ಲ್ಸ್ ಲಮ್ಮಿಸ್ (1859–1928) ಪತ್ರಕರ್ತರು. ಒಹಾಯೊದಿಂದ ಲಾಸ್ ಏಂಜಲೀಸ್‌ವರೆಗೆ 1884–85ರಲ್ಲಿ ನಡೆದುಕೊಂಡೇ ಬಂದವರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಡಿಸನ್ ಫೋನೋಗ್ರಾಫ್ ಇಟ್ಟುಕೊಂಡು ಮೇಣದ ಸಿಲಿಂಡರುಗಳ ಮೇಲೆ ಹಾಡು ಹಿಡಿದರು. ಹಾಡಿದವರು ಲಾಸ್ ಏಂಜಲೀಸಿನ ಮನೆಮಂದಿ. ಮನುಯೆಲಾ ಗಾರ್ಸಿಯಾ ಎಂಬ ಒಬ್ಬ ಹೆಣ್ಣುಮಗಳೇ ನೂರಕ್ಕೂ ಮಿಕ್ಕಿ ಹಾಡು ಕೊಟ್ಟರು. ಸಂಗೀತಗಾರ ಆರ್ಥರ್ ಫಾರ್ವೆಲ್ ಅವನ್ನು ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿದರು. 1923ರಲ್ಲಿ ಪಿಯಾನೊ ಸಾಥ್ ಸೇರಿಸಿ 14 ಹಾಡುಗಳ ಪುಸ್ತಕವೂ ಬಂತು. ಸಿಲಿಂಡರುಗಳು ಲಾಸ್ ಏಂಜಲೀಸಿನ ಆಟ್ರಿ ಮ್ಯೂಸಿಯಂನಲ್ಲಿವೆ.

ಆದರೆ ಮುದ್ರಣ ಏನನ್ನು ಉಳಿಸಿತು, ಏನನ್ನು ಬಿಟ್ಟಿತು ನೋಡಿ. ಆ ಕಾಲದ ಒಂದು ಸಿಲಿಂಡರಿಗೆ ಹಿಡಿಯುತ್ತಿದ್ದದ್ದು ಸುಮಾರು ಎರಡು ನಿಮಿಷ. ಇಪ್ಪತ್ತು ಪದ್ಯದ ಕಥನಗೀತೆಗೆ ಎರಡು ಮೂರು ಪದ್ಯಕ್ಕೇ ಮೇಣ ಮುಗಿಯುತ್ತದೆ. ಫೋನೋಗ್ರಾಫಿನ ತುತ್ತೂರಿಯ ಬಾಯಿಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಾದ್ದರಿಂದ ಜೋಗುಳವೂ ಕೂಗಿನಂತೆ ಕೇಳುತ್ತದೆ. ಪ್ರತಿ ಸಲ ಸೂಜಿ ಓಡಿದಾಗಲೂ ಮೇಣ ಒಂದಿಷ್ಟು ಸವೆಯುತ್ತದೆ. ಇನ್ನು ವೇಗ: ನಿಮಿಷಕ್ಕೆ 160 ಸುತ್ತಿನಲ್ಲಿ ಹಿಡಿದದ್ದನ್ನು 170ರಲ್ಲಿ ಓಡಿಸಿದರೆ ಶ್ರುತಿ ಸರಿಸುಮಾರು ಒಂದು ಮನೆ ಏರುತ್ತದೆ (ಹಾರ್ಮೋನಿಯಂನ ಬಿಳಿಯಿಂದ ಪಕ್ಕದ ಕಪ್ಪಿಗೆ ಹೋದ ಹಾಗೆ), ಲಯವೂ ಅಷ್ಟೇ ಚುರುಕಾಗುತ್ತದೆ. ಮೂಲ ಶ್ರುತಿ ತಿಳಿಯಲೆಂದು ಕೆಲವು ಸಂಗ್ರಾಹಕರು ಮೊದಲಿಗೆ ಒಂದು ಪೀಪಿ ಊದಿ ಮುದ್ರಿಸುತ್ತಿದ್ದರು. ಪೀಪಿ ಇಲ್ಲದ ಕಡೆ ಊಹೆಯೇ ಗತಿ.

ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಪಲ್ಲವಿಗೆ ಯಾರು ಸೇರುತ್ತಾರೆ, ಯಾವ ಸಾಲಿಗೆ ನಗು ಬರುತ್ತದೆ ಎಂಬುದು ಮೇಣದಲ್ಲಿ ಇಲ್ಲ. ಅದು ಬಾಯಿಂದ ಬಾಯಿಗೇ ಬರಬೇಕು. ಫಾರ್ವೆಲ್‌ಗೆ ಇದು ಗೊತ್ತಿತ್ತು. ಊರಿಗೆ ಊರೇ ಸೇರಿ ಹಾಡುವ ಸಮುದಾಯ ಗಾಯನದ ಚಳವಳಿಗೆ ಅವರು ತಮ್ಮ ಆಯಸ್ಸಿನ ಒಳ್ಳೆಯ ವರ್ಷಗಳನ್ನು ಕೊಟ್ಟರು. ಮುದ್ರಣ ಬಿತ್ತನೆ ಕಾಳು. ಕಣಜದಲ್ಲಿಟ್ಟ ಕಾಳನ್ನು ಬೆಳೆ ಅನ್ನುವುದಿಲ್ಲ.

ಪ್ರಶ್ನೆ: ನಮ್ಮ ಬೀದಿಯ ಮೆಕ್ಸಿಕನ್ ಕುಟುಂಬಗಳು ತಿಂಗಳಿಗೆರಡು ಸಲ ಸೇರಿ ಹಾಡುತ್ತವೆ, ನಮ್ಮನ್ನೂ ಕರೆದಿದ್ದಾರೆ. ಸ್ಪ್ಯಾನಿಷ್ ಬಾರದು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡಿದರೆ ನಡೆದೀತೇ?
(ಓದುಗರು, ಸ್ಯಾನ್ ಹೋಸೆ)

ನಡೆಯುತ್ತದೆ. ರೋಮನ್ ಅಕ್ಷರದಲ್ಲಿ ಓದುವುದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ. ರೋಮನ್ ಅಕ್ಷರ ಕಂಡ ಕೂಡಲೇ ನಮ್ಮ ನಾಲಿಗೆ ಇಂಗ್ಲಿಷಿಗೆ ಹೊರಳಿ ಟಕಾರ, ಡಕಾರ ಹಾಕುತ್ತದೆ. ಸ್ಪ್ಯಾನಿಷಿನಲ್ಲಿ ಇರುವುದು ಹಲ್ಲಿಗೆ ತಾಗುವ ತ ಮತ್ತು ದ. ಕನ್ನಡದಲ್ಲಿ ಬರೆದುಕೊಂಡರೆ ಆ ತಪ್ಪು ಹುಟ್ಟುವುದೇ ಇಲ್ಲ. ಸ್ವರಗಳು ಐದೇ: ಅ, ಎ, ಇ, ಒ, ಉ. ‘ಹೆಚ್’ ಅಕ್ಷರಕ್ಕೆ ಸದ್ದಿಲ್ಲ. ‘ಜೆ’ ಅಕ್ಷರಕ್ಕೆ ಗಂಟಲಿನ ಹ. ಎರಡು ‘ಎಲ್’ ಜೊತೆಗಿದ್ದರೆ ಯ. ಅಲೆ ಗುರುತಿನ ‘ಎನ್’ಗೆ ನ್ಯ. ‘ವಿ’ಯನ್ನು ಬ ಅನ್ನಿ, ಆದರೆ ತುಟಿ ಪೂರ್ತಿ ಮುಚ್ಚದೆ. ‘ಜೆಡ್’ಗೂ, ಎ ಅಥವಾ ಇ ಸ್ವರಕ್ಕೆ ಮೊದಲು ಬರುವ ‘ಸಿ’ಗೂ ಮೆಕ್ಸಿಕೊದಲ್ಲಿ ಸ. ರಕಾರ ಒತ್ತಿದ್ದರೆ ನಾಲಿಗೆ ಚೆನ್ನಾಗಿ ಅದುರಲಿ: ‘ಪೆರೊ’ ಅಂದರೆ ‘ಆದರೆ’, ‘ಪೆರ್ರೊ’ ಅಂದರೆ ನಾಯಿ.

ಕನ್ನಡಿಗರು ಎಡವುವುದು ಎರಡು ಕಡೆ. ಮೊದಲನೆಯದು ಪದದ ಕೊನೆ. ವ್ಯಂಜನದಲ್ಲಿ ನಿಲ್ಲುವ ಪದಕ್ಕೆ ನಾವು ಅರಿವಿಲ್ಲದೆ ಉಕಾರ ಅಂಟಿಸುತ್ತೇವೆ, ಬಸ್ಸು, ಕಾರು ಅಂದ ಹಾಗೆ. ‘ಸೊನ್’ ಎಂಬುದು ‘ಸೊನ್ನು’ ಆದರೆ ಸಾಲಿಗೆ ಒಂದಕ್ಷರ ಹೆಚ್ಚಿ, ಮಿಕ್ಕವರು ಮುಂದಿನ ತಾಳಕ್ಕೆ ಹೋದಾಗ ನೀವೊಬ್ಬರೇ ಹಿಂದೆ ಉಳಿಯುತ್ತೀರಿ. ಎರಡನೆಯದು ಪದಗಳ ಕೂಡಿಕೆ. ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಲ್ಲೇ ಶುರುವಾದರೆ, ಎರಡೂ ಸ್ವರ ಒಂದೇ ತಾಳಕ್ಕೆ ಬೀಳುತ್ತವೆ. ನಮ್ಮ ಲೋಪ ಸಂಧಿಯಲ್ಲಿ ಒಂದು ಸ್ವರ ಬಿದ್ದೇ ಹೋಗುತ್ತದೆ. ಇಲ್ಲಿ ಎರಡೂ ಇರುತ್ತವೆ, ಒಂದೇ ಕುರ್ಚಿಯಲ್ಲಿ ಇಬ್ಬರು ಕೂತ ಹಾಗೆ.

ಹುಟ್ಟುಹಬ್ಬಕ್ಕೆ ಎಲ್ಲ ಮೆಕ್ಸಿಕನ್ ಮನೆಗಳಲ್ಲೂ ಹಾಡುವ ಸಾಂಪ್ರದಾಯಿಕ ಹಾಡಿನ ಮೊದಲೆರಡು ಸಾಲು ತೆಗೆದುಕೊಳ್ಳಿ. ಸಾಲಿಗೆ ಎಂಟು ಅಕ್ಷರದ ಲೆಕ್ಕ.

ಎಸ್–ತಸ್–ಸೊನ್–ಲಸ್–ಮ–ನ್ಯ–ನೀ–ತಸ್
ಕೆ–ಕನ್–ತಾ–ಬಎಲ್–ರೆಯ್–ದ–ವೀದ್

ಮೊದಲ ಸಾಲು ಎಣಿಸಿದರೆ ಸರಿಯಾಗಿ ಎಂಟು. ಎರಡನೆಯದರಲ್ಲಿ ‘ಕನ್ತಾಬ’ ಮತ್ತು ‘ಎಲ್’ ಬೆಸೆದು ‘ಬಎಲ್’ ಒಂದೇ ಆಗಿದೆ; ಒಟ್ಟು ಏಳು. ಸಾಲಿನ ಕೊನೆಯ ಅಕ್ಷರದ ಮೇಲೇ ಒತ್ತು ಬಿದ್ದರೆ ಅದಕ್ಕೆ ಒಂದು ಸೇರಿಸಿ ಎಣಿಸುವುದು ಸ್ಪ್ಯಾನಿಷ್ ಛಂದಸ್ಸಿನ ನಿಯಮ. ಹಾಗಾಗಿ ಇದೂ ಎಂಟೇ. ನಮ್ಮ ಮಾತ್ರೆಯ ಲೆಕ್ಕ, ಗುರು ಲಘುವಿನ ಗೊಡವೆ ಇಲ್ಲಿ ಬೇಡ; ಅಕ್ಷರ ಎಣಿಸಿ, ಒತ್ತು ಎಲ್ಲಿದೆ ನೋಡಿ, ಅಷ್ಟೇ. ಮೇಲೆ ನೀ, ತಾ, ವೀ ಎಂದು ದೀರ್ಘ ಬರೆದಿರುವುದು ಒತ್ತಿನ ಗುರುತಿಗೆ. ಎಳೆಯುವುದಕ್ಕಲ್ಲ.

ಅರ್ಥವನ್ನು ಸಾಲಿನ ಕೆಳಗೆ ಬರೆದುಕೊಳ್ಳಬೇಡಿ, ಹಾಡುವಾಗ ಕಣ್ಣು ಅಲ್ಲಿಗೆ ಜಾರುತ್ತದೆ. ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ಆದರೆ ಬರೆಯದೇ ಇರಬೇಡಿ. ಅರ್ಥ ಗೊತ್ತಿಲ್ಲದೆ ಸಾವಿನ ಹಾಡನ್ನು ನಗುನಗುತ್ತಾ ಹಾಡಿದವರನ್ನು ಯಾರೂ ಬೈಯುವುದಿಲ್ಲ, ಮರೆಯುವುದೂ ಇಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಬಹುದೇ?
(ಓದುಗರು, ಡಲ್ಲಾಸ್)

ಬೇಡ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಅಜ್ಜಿಗೆ ಒಂದು ಪದ್ಯ ಹೆಚ್ಚು ನೆನಪಾದರೆ ಅದಕ್ಕೆ ಜಾಗ ಇರುವುದಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಇಂಥದೊಂದು ಹಾಡುವ ಕೂಟ ಶುರುಮಾಡಬೇಕೆಂದು ಮೆಕ್ಸಿಕನ್ ಗೆಳತಿಯೂ ನಾನೂ ಯೋಚಿಸಿದ್ದೇವೆ. ಇಬ್ಬರೂ ಗಾಯಕಿಯರಲ್ಲ. ಎಲ್ಲಿಂದ ಶುರು ಮಾಡಬೇಕು, ಏನೇನು ಕೆಡುತ್ತದೆ, ಹೇಳಿ.
(ಓದುಗರು, ಆಲ್ಬುಕರ್ಕಿ)

ಗಾಯಕಿಯರಲ್ಲದಿರುವುದು ಒಳ್ಳೆಯದೇ ಆಯಿತು. ಪಳಗಿದ ಗಂಟಲು ಮುಂದೆ ನಿಂತರೆ ಮಿಕ್ಕವರು ಕೇಳುಗರಾಗಿಬಿಡುತ್ತಾರೆ.

ಹನ್ನೆರಡರಿಂದ ಇಪ್ಪತ್ತೈದು ಮಂದಿ ಹದವಾದ ಸಂಖ್ಯೆ. ಎಂಟಕ್ಕಿಂತ ಕಡಿಮೆಯಾದರೆ ತನ್ನ ದನಿ ತನಗೇ ಕೇಳಿ ನಾಚಿಕೆಯಾಗುತ್ತದೆ. ಮೂವತ್ತು ದಾಟಿದರೆ ಹಿಂದಿನ ಸಾಲಿನಲ್ಲಿ ಹರಟೆ ಶುರು. ಕುರ್ಚಿಗಳನ್ನು ದುಂಡಗೆ ಹಾಕಿ, ಹೆಚ್ಚೆಂದರೆ ಎರಡು ಸುತ್ತು. ಹದಿನೈದು ದಿನಕ್ಕೊಮ್ಮೆ, ಅದೇ ವಾರ, ಅದೇ ಹೊತ್ತು, ಒಂದೂವರೆ ಗಂಟೆ. ತಿಂಗಳಿಗೊಮ್ಮೆ ಅಂದರೆ ಹೋದ ಸಲ ಕಲಿತದ್ದು ಮರೆತಿರುತ್ತದೆ.

ಒಂದು ಕೂಟಕ್ಕೆ ಎಂಟು ಹಾಡು ಸಾಕು: ಎಲ್ಲರಿಗೂ ಬರುವ ಐದು, ಅರ್ಧ ಬರುವ ಎರಡು, ಹೊಸದು ಒಂದು. ಹೊಸದನ್ನು ಮೂರನೆಯದೋ ನಾಲ್ಕನೆಯದೋ ಮಾಡಿ. ಮೊದಲಿಗೇ ಇಟ್ಟರೆ ಗಂಟಲು ಬಿಚ್ಚಿರುವುದಿಲ್ಲ, ಕೊನೆಗಿಟ್ಟರೆ ಮನಸ್ಸು ಮನೆಗೆ ಹೋಗಿರುತ್ತದೆ. ಕಲಿಸುವಾಗ ಪಲ್ಲವಿ ಮೊದಲು, ಹಾಳೆ ಕೊಡದೆ. ನೀವು ಒಂದು ಸಾಲು, ಅವರು ಒಂದು ಸಾಲು, ಮೂರು ಸಲ. ಆಮೇಲೆ ಎರಡೆರಡು ಸಾಲು ಕೂಡಿಸಿ. ಪಲ್ಲವಿ ಬಾಯಿಗೆ ಬಂದ ಮೇಲೆ ಹಾಳೆ ಹಂಚಿ. ಒಂದು ಹೊಸ ಹಾಡಿಗೆ ಹದಿನೈದು ನಿಮಿಷ ಮೀರಬೇಡಿ. ಬಾರದಿದ್ದರೆ ಮುಂದಿನ ಕೂಟ ಇದ್ದೇ ಇದೆ.

ಕೂಟಗಳು ಹೆಚ್ಚಾಗಿ ಸೋಲುವುದು ಶ್ರುತಿಯಲ್ಲಿ. ಮರಿಯಾಚಿ ಎಂಬ ಮೆಕ್ಸಿಕನ್ ವಾದ್ಯಮೇಳದವರ ಧ್ವನಿಮುದ್ರಿಕೆ ಕೇಳಿ ಅದೇ ಶ್ರುತಿಗೆ ಹಾಡಲು ಹೋಗುತ್ತಾರೆ. ಅವರು ತುತ್ತೂರಿ, ಪಿಟೀಲುಗಳ ಮೇಲೆ ಏರಿ ಹಾಡುವ ವೃತ್ತಿಗಾಯಕರು. ಅಡುಗೆ ಮನೆಯ ಗಂಟಲಿಗೆ ಅದು ಎಟುಕದು. ಲೆಕ್ಕ ಹೀಗಿಡಿ: ಹೆಂಗಸರಿಗೆ ಹಾಡಿನ ಅತಿ ತಗ್ಗಿನ ಸ್ವರ ಕೆಳಗಿನ ‘ಎ’ಗಿಂತ ಇಳಿಯಬಾರದು, ಅತಿ ಎತ್ತರದ್ದು ಮೇಲಿನ ‘ಡಿ’ ದಾಟಬಾರದು. ಗಂಡಸರಿಗೆ ಅದೇ, ಒಂದು ಸ್ಥಾಯಿ ಕೆಳಗೆ. ಹಾರ್ಮೋನಿಯಂ ಭಾಷೆಯಲ್ಲಿ, ಮಂದ್ರದ ಬಿಳಿ ಆರರಿಂದ ತಾರದ ಬಿಳಿ ಎರಡರವರೆಗೆ. ಹಾಡಿನ ಆಧಾರ ಸ್ವರ ಯಾವುದು ಎನ್ನುವುದಕ್ಕಿಂತ, ತುದಿ ಮತ್ತು ಬುಡ ಈ ಬೇಲಿಯೊಳಗಿವೆಯೇ ಎಂಬುದು ಮುಖ್ಯ. ಗಿಟಾರಿನವರಿಗೆ ಸುಲಭ ಎಂದು ಶ್ರುತಿ ಏರಿಸಲು ಬಿಡಬೇಡಿ, ಅದಕ್ಕೇ ಕೇಪೊ ಎಂಬ ಕ್ಲಿಪ್ ಇರುವುದು.

ಶುರು ಮಾಡುವಾಗ ಗಿಟಾರಿನಲ್ಲಿ ಸ್ವರಮೇಳ ಮೀಟಿ, ಮೊದಲ ಪದದ ಸ್ವರವನ್ನು ‘ಊಂ’ ಎಂದು ಎಲ್ಲರಿಂದ ಹಾಡಿಸಿ, ಆಮೇಲೆ ‘ಉನೊ, ದೊಸ್, ತ್ರೆಸ್’. ಈ ‘ಊಂ’ ಬಿಟ್ಟರೆ ಮೊದಲ ಸಾಲು ಐದು ಶ್ರುತಿಯಲ್ಲಿ ಹುಟ್ಟಿ ಎರಡನೇ ಪದ್ಯದ ಹೊತ್ತಿಗೆ ಸರಿಹೋಗುತ್ತದೆ. ಹಾಡಿಗೆ ಇರುವುದೇ ಮೂರು ಪದ್ಯ. ಹತ್ತು ದನಿಗೆ ಒಂದು ಗಿಟಾರು ಸಾಕು, ಮೈಕು ಬೇಡವೇ ಬೇಡ. ಮೂರರ ನಡೆಯ ಹಾಡುಗಳು ಗುಂಪಿನಲ್ಲಿ ಎಳೆದಾಡುತ್ತಾ ನಿಧಾನವಾಗುತ್ತವೆ. ಅದು ಜನರ ತಪ್ಪಲ್ಲ, ಉಸಿರಿಗೆ ಜಾಗ ಗೊತ್ತುಮಾಡದವರ ತಪ್ಪು. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಹಾಳೆಯಲ್ಲೇ ಒಂದು ಗೀಟು ಹಾಕಿ.

ಹಾಳೆ ಎಂದೆ. ಗೋಡೆಗೆ ಪ್ರೊಜೆಕ್ಟರ್ ಹೊಡೆಯುವ ಆಸೆ ಎಲ್ಲರಿಗೂ ಇರುತ್ತದೆ. ಹೊಡೆದರೆ ಎಲ್ಲರೂ ಗೋಡೆಗೆ ಹಾಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಮನೆಗೆ ಒಯ್ಯಲು ಏನೂ ಇರುವುದಿಲ್ಲ. ಕಾಗದವೇ ಇರಲಿ: ಅಕ್ಷರ 16ರಿಂದ 18 ಪಾಯಿಂಟು, ಒತ್ತಿನ ಗುರುತುಗಳೆಲ್ಲ ಇರಲಿ, ಪದ್ಯಗಳಿಗೆ ಅಂಕಿ ಹಾಕಿ. ಅಡಿಯಲ್ಲಿ ಒಂದು ಸಾಲು: ಇದು ಯಾರಿಂದ, ಯಾವ ಊರಿನಿಂದ ಬಂದ ಪಾಠ. ಆ ಒಂದು ಸಾಲು ಇಲ್ಲದ ಹಾಳೆ ಹತ್ತು ವರ್ಷದ ಮೇಲೆ ಅನಾಥ.

ಪ್ರಶ್ನೆ: ‘ಫಂದಾಂಗೊ’ ಅಂದರೆ ಸ್ಪೇನಿನ ನೃತ್ಯ ಅಂದುಕೊಂಡಿದ್ದೆ. ಲಾಸ್ ಏಂಜಲೀಸಿನಲ್ಲಿ ಅದೇ ಹೆಸರಿನ ಮೆಕ್ಸಿಕನ್ ಕೂಟ ನೋಡಿದೆ, ಹಲಗೆಯ ಮೇಲೆ ಕುಣಿಯುತ್ತಾರೆ. ನನ್ನ ಹತ್ತಿರ ಉಕುಲೆಲೆ ಇದೆ, ಸೇರಿಕೊಳ್ಳಬಹುದೇ?
(ಓದುಗರು, ಇರ್ವೈನ್)

ನೀವು ನೋಡಿದ್ದು ಮೆಕ್ಸಿಕೊದ ವೆರಾಕ್ರೂಸ್ ಕರಾವಳಿಯ ‘ಸೊನ್ ಹರೋಚೊ’ ಸಂಗೀತ; ಅದರ ಒಂದೊಂದು ಹಾಡಿಗೂ ‘ಸೊನ್’ ಎಂದೇ ಹೆಸರು. ಸ್ಪೇನ್, ಆಫ್ರಿಕಾ, ಮೂಲನಿವಾಸಿಗಳು, ಮೂವರ ರಕ್ತವೂ ಅದರಲ್ಲಿದೆ. ಅಲ್ಲಿ ಫಂದಾಂಗೊ ಅಂದರೆ ಒಂದು ನೃತ್ಯವಲ್ಲ, ರಾತ್ರಿಯಿಡೀ ನಡೆಯುವ ಕೂಟಕ್ಕೇ ಆ ಹೆಸರು. ಇಪ್ಪತ್ತನೆಯ ಶತಮಾನದ ನಡುವೆ ಅದು ರೇಡಿಯೊ, ಸಿನಿಮಾ, ವೇದಿಕೆಗಳ ಥಳುಕಿಗೆ ಸಿಕ್ಕಿ ಹಳ್ಳಿಯ ಅಂಗಳದಲ್ಲಿ ಸೊರಗಿತ್ತು. 1977ರಲ್ಲಿ ಹುಟ್ಟಿದ ಮೋನೊ ಬ್ಲಾಂಕೊ ತಂಡ ಅರ್ಕಾದಿಯೊ ಇದಾಲ್ಗೊ ಅವರಂಥ ಹಿರಿಯರನ್ನು ಜೊತೆಗಿಟ್ಟುಕೊಂಡು ಮತ್ತೆ ಅಂಗಳಕ್ಕೆ ತಂದಿತು. 2008ರಿಂದ ತಿಹ್ವಾನಾ ಮತ್ತು ಸ್ಯಾನ್ ಡಿಯೇಗೊ ನಡುವಿನ ಗಡಿಬೇಲಿಯ ಎರಡೂ ಕಡೆ ನಿಂತು ಒಂದೇ ಫಂದಾಂಗೊ ನಡೆಸಿದ್ದೂ ಉಂಟು.

ಉಕುಲೆಲೆಯವರಿಗೆ ಇಲ್ಲಿ ಒಂದು ಅದೃಷ್ಟ ಕಾದಿದೆ. ಈ ಕೂಟದ ಮುಖ್ಯ ವಾದ್ಯ ‘ಹರಾನಾ’, ಒಂದೇ ಮರದ ತುಂಡಿನಲ್ಲಿ ಕೊರೆದ ಪುಟ್ಟ ಗಿಟಾರು. ತಂತಿ ಎಂಟು, ಸಾಲು ಐದು: ಎರಡು ಅಂಚಿನಲ್ಲಿ ಒಂಟಿ, ನಡುವಿನ ಮೂರು ಜೋಡಿ. ಹೆಚ್ಚು ಬಳಕೆಯ ಶ್ರುತಿ ಸೊಲ್, ದೊ, ಮಿ, ಲಾ, ಸೊಲ್. ಮೊದಲ ನಾಲ್ಕು ನಿಮ್ಮ ಉಕುಲೆಲೆಯ ಜಿ, ಸಿ, ಇ, ಎ ತಾನೇ? ಎಡಗೈ ಬೆರಳಿನ ಹಿಡಿತಗಳು ಬಹುಪಾಲು ಹಾಗೇ ಹೊಂದುತ್ತವೆ.

ಕಷ್ಟ ಇರುವುದು ಬಲಗೈಯಲ್ಲಿ. ಆರು ಬಡಿತವನ್ನು ಒಮ್ಮೆ ‘ತಕಿಟ ತಕಿಟ’ ಎಂದೂ, ಮರುಕ್ಷಣ ‘ತಕ ತಕ ತಕ’ ಎಂದೂ ಒಡೆಯುತ್ತಾರೆ, ಹಲವು ಸೊನ್‌ಗಳಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಕೊನ್ನಕೋಲು ಕೇಳಿ ಬೆಳೆದ ಕಿವಿಗೆ ಇದು ಬೇಗ ಸಿಗುತ್ತದೆ. ಪಾದದಲ್ಲಿ ಮೂರು ತಕ ಹಾಕುತ್ತಾ, ಬಾಯಲ್ಲಿ ಎರಡು ತಕಿಟ ಹೇಳಿ, ಹತ್ತು ನಿಮಿಷ. ಅದು ಕೂಡಿಬಂದ ಮೇಲೆ ತಂತಿ ಮುಟ್ಟಿ. ‘ಬಾಂಬಾ’ದಂಥ ಕೆಲವು ಸೊನ್‌ಗಳು ಸೀದಾ ನಾಲ್ಕರ ನಡೆಯವು, ಅಲ್ಲಿಂದ ಶುರುಮಾಡಿದರೂ ಆದೀತು.

ಕೂಟದ ನಡವಳಿಕೆ ಹೀಗಿದೆ. ಕೊಂಬಿನ ಉದ್ದನೆ ಕಡ್ಡಿಯಿಂದ ಮೀಟುವ ‘ರೆಕಿಂತೊ’ದವರು ಸೊನ್ ಎತ್ತಿಕೊಳ್ಳುತ್ತಾರೆ, ಹೊಸಬರು ಎತ್ತಿಕೊಳ್ಳುವಂತಿಲ್ಲ. ಮಿಕ್ಕವರು ಹಲಗೆಯ ಸುತ್ತ ಸೇರುತ್ತಾರೆ, ಹಳಬರು ಹತ್ತಿರ, ಕಲಿಯುವವರು ಹೊರಸುತ್ತಿನಲ್ಲಿ. ಒಬ್ಬರು ಪದ್ಯ ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ತಿರುಗಿ ಹೇಳುವುದೋ ಬೇರೆ ಪದ್ಯದಿಂದ ಉತ್ತರ ಕೊಡುವುದೋ ಮಾಡುತ್ತಾರೆ. ಒಬ್ಬರು ಬಾಯಿ ತೆರೆದಾಗ ನೀವೂ ತೆರೆಯುವುದು ದೊಡ್ಡ ಅವಮರ್ಯಾದೆ. ಹಾಡು ನಡೆದಿರುವಾಗ ಕುಣಿಯುವವರು ಹೆಜ್ಜೆ ಹಗುರ ಮಾಡುತ್ತಾರೆ, ವಾದ್ಯ ಒಂದೇ ಇರುವಾಗ ಬಿರುಸಾಗಿ ಬಡಿಯುತ್ತಾರೆ. ಕೆಲವು ಸೊನ್‌ಗಳಿಗೆ ಹೆಂಗಸರು ಮಾತ್ರ ಹಲಗೆ ಏರುತ್ತಾರೆ, ಕೆಲವಕ್ಕೆ ಗಂಡು ಹೆಣ್ಣಿನ ಜೋಡಿ. ಗೊತ್ತಿಲ್ಲದಿದ್ದರೆ ಕೆಳಗೇ ನಿಲ್ಲಿ.

ಈ ಹಲಗೆ, ‘ತರೀಮಾ’, ಬರೀ ನೆಲವಲ್ಲ, ತಾಳವಾದ್ಯ. ನೀವೇ ಮಾಡಿಸುವುದಾದರೆ 4 ಅಡಿ × 8 ಅಡಿಯ 18 ಮಿ.ಮೀ. ಪ್ಲೈವುಡ್ ಹಾಳೆಯನ್ನು ಗೇಣುದ್ದ ಎತ್ತರದ ಮರದ ಚೌಕಟ್ಟಿನ ಮೇಲೆ ಕೂರಿಸಿ, ಪಕ್ಕದ ಹಲಗೆಗಳಲ್ಲಿ ಅಂಗೈಯಗಲದ ತೂತು ಬಿಡಿ. ಒಳಗೆ ಪೊಳ್ಳಿದ್ದರೇ ನಾದ. ಪ್ಲೈವುಡ್ಡನ್ನು ಸೀದಾ ಕಾಂಕ್ರೀಟಿನ ಮೇಲೆ ಹಾಸಿದರೆ ಸದ್ದು ಚಪ್ಪೆ, ಮೊಣಕಾಲಿಗೆ ಪೆಟ್ಟು. ಅಡ್ಡಪಟ್ಟಿ ಎರಡಡಿಗೊಂದು ಹಾಕಿ. ದೂರವಾದರೆ ನಡುವೆ ಹಾಳೆ ಬಳುಕಿ ಮೊಳೆ ಮೇಲೇಳುತ್ತದೆ. ಮೊಳೆಗಿಂತ ಸ್ಕ್ರೂ ಒಳ್ಳೆಯದು, ತಲೆ ಒಳಗಿಳಿದಿರಲಿ.

ಪ್ರಶ್ನೆ: ಡಿಸೆಂಬರಿನಲ್ಲಿ ಮನೆ ಮನೆ ಬಾಗಿಲಿಗೆ ಹೋಗಿ ಹಾಡುವ ‘ಪೊಸಾದಾ’ ಬಗ್ಗೆ ತಿಳಿಸಿ. ನಮ್ಮ ಚರ್ಚಿನ ಗುಂಪಿಗೆ ಮಾಡಿಸುವ ಆಸೆ.
(ಓದುಗರು, ಮಂಗಳೂರು)

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ. ಇದರ ಬೇರು ಮೆಕ್ಸಿಕೊದ ಅಕೋಲ್ಮಾನ್ ಮಠದಲ್ಲಿ, 1587ರಷ್ಟು ಹಿಂದೆ. ಮೇರಿ ಮತ್ತು ಜೋಸೆಫ್ ತಂಗಲು ಜಾಗ ಕೇಳಿದ್ದೇ ಹಾಡಿನ ಕಥೆ. ಅರ್ಧ ಮಂದಿ ಬಾಗಿಲ ಹೊರಗೆ ಮೇಣದಬತ್ತಿ ಹಿಡಿದು ಒಂದು ಪದ್ಯ ಹಾಡಿ ಜಾಗ ಕೇಳುತ್ತಾರೆ, ಅರ್ಧ ಮಂದಿ ಒಳಗಿನಿಂದ ‘ಇಲ್ಲ, ಮುಂದೆ ಹೋಗಿ’ ಎಂದು ಪದ್ಯದಲ್ಲೇ ಗದರುತ್ತಾರೆ. ಕೊನೆಗೆ ಗುರುತು ಹತ್ತಿ ಬಾಗಿಲು ತೆರೆದಾಗ ಧಾಟಿ ಬದಲಾಗಿ ಎಲ್ಲರೂ ಒಟ್ಟಿಗೆ ಹಾಡುತ್ತಾ ಒಳನುಗ್ಗುತ್ತಾರೆ.

ಕೆಡುವುದು ಬಾಗಿಲಿನಿಂದಲೇ. ಮುಚ್ಚಿದ ಬಾಗಿಲ ಆಚೆ ಈಚೆ ಒಬ್ಬರದು ಒಬ್ಬರಿಗೆ ಕೇಳದೆ ಎರಡು ಗುಂಪಿಗೆ ಎರಡು ಶ್ರುತಿಯಾಗುತ್ತದೆ. ಕಿಟಕಿ ತೆರೆದಿಡಿ, ಎರಡೂ ಕಡೆಗೆ ಕೇಳುವಂತೆ ಹೊಸಿಲ ಬಳಿ ಒಬ್ಬ ಗಟ್ಟಿ ದನಿಯವರನ್ನು ನಿಲ್ಲಿಸಿ. ಮೇಣದಬತ್ತಿಗೆ ರಟ್ಟಿನ ಬಿಲ್ಲೆ ತೂರಿಸಿ, ಹಾಡಿನ ಹಾಳೆ ಹಿಡಿದ ಕೈಗೆ ಬತ್ತಿ ಕೊಡಬೇಡಿ. ಹಾಡಿನ ನಂತರ ಮಕ್ಕಳು ಮಿಠಾಯಿ ತುಂಬಿ ತೂಗುಹಾಕಿದ, ಏಳು ಕೊಂಬಿನ ಪಿನ್ಯಾತಾ ಒಡೆಯುತ್ತಾರೆ, ದೊಡ್ಡವರು ಬಿಸಿ ‘ಪೊಂಚೆ’ ಕುಡಿಯುತ್ತಾರೆ. ಪೊಂಚೆಗೆ ಬೇಕಾದ ಪೇರಳೆ, ಕಬ್ಬಿನ ತುಂಡು, ದಾಲ್ಚಿನ್ನಿ, ಬೆಲ್ಲ ಎಲ್ಲ ನಿಮ್ಮಲ್ಲೇ ಸಿಗುತ್ತದೆ. ಸಿಗದ್ದು ತೆಹೊಕೋತೆ ಎಂಬ ಹಣ್ಣೊಂದೇ, ಅದರ ಬದಲು ಹುಳಿ ಸೇಬು ಹಾಕಿ.

ಪ್ರಶ್ನೆ: ಉತ್ತರ ನ್ಯೂ ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಪವಿತ್ರ ವಾರದಲ್ಲಿ ವಾದ್ಯವಿಲ್ಲದೆ ಹಾಡುವ ಹಾಡು ಕೇಳಿದೆ. ಮೈ ಜುಮ್ಮೆಂದಿತು. ಹಿರಿಯರಿಂದ ಹಾಡಿಸಿ ಮುದ್ರಿಸಿಕೊಳ್ಳಬೇಕೆಂದಿದ್ದೇನೆ. ಫೋನ್ ಸಾಕೇ?
(ಓದುಗರು, ಸಾಂತಾ ಫೆ)

ನೀವು ಕೇಳಿದ್ದು ‘ಅಲಬಾದೊ’. ಎರ್ಮಾನೊಗಳು ಎಂಬ ಧಾರ್ಮಿಕ ಸೋದರಕೂಟದವರು ‘ಮೊರಾದಾ’ ಎಂಬ ತಮ್ಮ ಪ್ರಾರ್ಥನಾ ಮನೆಗಳಲ್ಲಿ ಹಾಡುತ್ತಾರೆ. ಸಾಹಿತ್ಯ ಕೈಬರಹದ ನೋಟುಪುಸ್ತಕಗಳಲ್ಲಿದೆ, ಧಾಟಿ ಕಿವಿಯಲ್ಲಿ. ನಡುನಡುವೆ ‘ಪೀತೊ’ ಎಂಬ ಕೊಳಲಿನ ಕೂಗು ಬರುವುದುಂಟು, ಅಷ್ಟೇ.

ಉಪಕರಣದ ಮಾತಿಗೆ ಮುಂಚೆ ಒಪ್ಪಿಗೆಯ ಮಾತು. ಪ್ರಾರ್ಥನೆಯ ನಡುವೆ ಮುದ್ರಿಸಬೇಡಿ, ಮುದ್ರಿಸಲೇ ಎಂದು ಕೇಳಲೂ ಬೇಡಿ. ಮನೆಗೆ ಹೋಗಿ, ಯಾವುದನ್ನು ಹಾಡಬಹುದು, ಯಾರು ಕೇಳಬಹುದು, ಎಲ್ಲಿ ಇಡಬಹುದು ಎಂದು ಬೇರೆ ಬೇರೆಯಾಗಿ ಕೇಳಿ. ಮೂರಕ್ಕೆ ಮೂರು ಉತ್ತರ ಬರಬಹುದು. ‘ಮುದ್ರಿಸಿಕೊ, ಆದರೆ ಮೊಮ್ಮಕ್ಕಳಿಗೆ ಮಾತ್ರ’ ಎಂದರೆ ಅಷ್ಟೇ. ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸಿದರೇ ಉಳಿದಂತೆ ಎಂಬುದು ನಮ್ಮ ಕಾಲದ ಮೂಢನಂಬಿಕೆ.

ಫೋನ್ ಸಾಕಾಗುತ್ತದೆ, ಎರಡು ಷರತ್ತಿನ ಮೇಲೆ. ಗದ್ದಲ ತಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ. ಅದು ಎಳೆದು ಹಾಡುವ ಸ್ವರವನ್ನೇ ಫ್ಯಾನಿನ ಸದ್ದೆಂದು ತಿಳಿದು ಕತ್ತರಿಸುತ್ತದೆ. ಎಂಪಿ3 ಬೇಡ, ವೇವ್ ಕಡತವೇ ಇರಲಿ, 48 ಕಿಲೋಹರ್ಟ್ಸ್, 24 ಬಿಟ್. ಫೋನನ್ನು ಬಾಯಿಂದ ಎರಡು ಗೇಣು ದೂರ, ಸ್ವಲ್ಪ ಓರೆಯಾಗಿ, ಮಡಚಿದ ಟವೆಲ್ ಮೇಲಿಡಿ. ಬರೀ ಮೇಜಿನ ಮೇಲಿಟ್ಟರೆ ಬೆರಳು ತಾಳ ಹಾಕಿದ್ದೆಲ್ಲ ಗುಡುಗು. ಫ್ರಿಜ್ಜಿನ ಪ್ಲಗ್ ಕಿತ್ತು, ಕಾರಿನ ಕೀಲಿಯನ್ನು ಅದರೊಳಗಿಡಿ. ಆಗ ಹೊರಡುವಾಗ ಪ್ಲಗ್ ಹಾಕಲು ಮರೆಯುವುದಿಲ್ಲ. ಮೊದಲಿಗೆ ನೀವೇ ಮಾತಿನಲ್ಲಿ ತಾರೀಖು, ಊರು, ಹಾಡುವವರ ಹೆಸರು ಹೇಳಿ. ಹಾಡು ಮುಗಿದ ಮೇಲೆ ಯಾರಿಂದ ಕಲಿತಿರಿ, ಯಾವಾಗ ಹಾಡುತ್ತೀರಿ ಎಂದು ಕೇಳಿ, ಅದನ್ನೂ ಮುದ್ರಿಸಿ. ಸಾಹಿತ್ಯವನ್ನು ಮಾತಿನಲ್ಲಿ ಒಮ್ಮೆ ಹೇಳಿಸಿ. ಕಡತವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ಕುಗ್ಗಿಹೋಗಬಹುದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಮೊದಲ ಪ್ರತಿ ಹಾಡಿದವರ ಮನೆಗೆ.

ಹೋಗುವ ಮುನ್ನ ಆಲ್ಬುಕರ್ಕಿಯಲ್ಲಿರುವ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಸಂಗ್ರಹ ಕೇಳಿಬನ್ನಿ. ಅಲ್ಲಿನ ಲಲಿತಕಲಾ ವಿಭಾಗದ ಡೀನ್ ಆಗಿದ್ದ ಜಾನ್ ಡೊನಾಲ್ಡ್ ರಾಬ್ (1892–1989) ಊರೂರು ಸುತ್ತಿ ಮುದ್ರಿಸಿದ ಹಾಡುಗಳು ಅಲ್ಲಿವೆ. ನೀವು ಹೋಗಲಿರುವ ಹಳ್ಳಿಯದೂ ಇರಬಹುದು. ‘ನಿಮ್ಮ ತಾತನವರ ಹಾಡು ಇದು’ ಎಂದು ಕೇಳಿಸಿದರೆ ಮುಚ್ಚಿದ ಬಾಯಿ ತೆರೆಯುತ್ತದೆ.

ಪ್ರಶ್ನೆ: ಸಾಂಪ್ರದಾಯಿಕ ಹಾಡುಗಳ ಪುಸ್ತಿಕೆ ಅಚ್ಚು ಮಾಡಿಸಿದರೆ ಹಕ್ಕುಸ್ವಾಮ್ಯದ ತೊಡಕು ಇದೆಯೇ?
(ಓದುಗರು, ಹ್ಯೂಸ್ಟನ್)

‘ಸಾಂಪ್ರದಾಯಿಕ’ ಎಂಬ ಮಾತನ್ನು ಹಾಗೇ ನಂಬಬೇಡಿ. ಊರೆಲ್ಲ ಜನಪದ ಎಂದುಕೊಂಡಿರುವ ‘ಸಿಯೆಲಿತೊ ಲಿಂದೊ’ ಹಾಡಿಗೆ ಕರ್ತೃ ಇದ್ದಾರೆ, ಕಿರಿನೊ ಮೆಂದೋಸಾ ಇ ಕೊರ್ತೆಸ್, ತೀರಿಕೊಂಡದ್ದು 1957ರಲ್ಲಿ. ಅಮೆರಿಕದಲ್ಲಿ ಅಚ್ಚಾದ ಹಳೆಯ ಪುಸ್ತಕಗಳಿಗೆ ಹೆಚ್ಚೆಂದರೆ 95 ವರ್ಷದ ಲೆಕ್ಕ: ಮೇಲೆ ಹೇಳಿದ 1923ರ ಪುಸ್ತಕ 2019ರ ಜನವರಿ 1ರಂದು ಎಲ್ಲರ ಸೊತ್ತಾಯಿತು. ಮೆಕ್ಸಿಕೊದಲ್ಲಿ ಈಗಿನ ಕಾನೂನು ಕರ್ತೃ ತೀರಿದ ಮೇಲೆ 100 ವರ್ಷ ಎನ್ನುತ್ತದೆ. ಧಾಟಿ ಹಳೆಯದಾದರೂ ಯಾರೋ ಮೊನ್ನೆ ಮಾಡಿದ ಸ್ವರಸಂಯೋಜನೆ ಅವರದೇ. ಅದರ ಹಾಳೆ ನಕಲು ಮಾಡಬೇಡಿ, ಹಿರಿಯರ ಬಾಯಿಂದ ಕೇಳಿ ನೀವೇ ಬರೆದುಕೊಳ್ಳಿ.

ಪ್ರಶ್ನೆ: ಒಂದೇ ಹಾಡಿಗೆ ನಮ್ಮ ಕೂಟದ ನಾಲ್ವರು ಅಜ್ಜಿಯರದು ನಾಲ್ಕು ಪಾಠ. ಪ್ರತಿ ಸಲ ಜಗಳ. ಯಾವುದನ್ನು ಇಟ್ಟುಕೊಳ್ಳೋಣ?
(ಓದುಗರು, ಟೂಸಾನ್)

ನಾಲ್ಕನ್ನೂ. ಅಂತರ್ಜಾಲದಲ್ಲಿ ‘ಸರಿಯಾದ’ ಐದನೆಯದನ್ನು ಹುಡುಕಲು ಮಾತ್ರ ಹೋಗಬೇಡಿ. ಪಲ್ಲವಿಯನ್ನು ಒಂದೇ ಪಾಠಕ್ಕೆ ಕಟ್ಟಿ, ಏಕೆಂದರೆ ಅಲ್ಲಿ ಎಲ್ಲರೂ ಒಟ್ಟಿಗೆ ಹಾಡಬೇಕು. ಹೆಚ್ಚು ಮಂದಿಯ ಬಾಯಲ್ಲಿ ಇರುವುದೇ ಇರಲಿ. ಪದ್ಯಗಳನ್ನು ಒಬ್ಬೊಬ್ಬ ಅಜ್ಜಿ ಒಂದೊಂದರಂತೆ ತಮ್ಮ ತಮ್ಮ ಪಾಠದಲ್ಲೇ ಒಂಟಿಯಾಗಿ ಹೇಳಲಿ, ಗಿಟಾರಿನವರು ಅವರ ಹಿಂದೆ ಹೋಗಲಿ. ಹಾಳೆಯಲ್ಲಿ ನಾಲ್ಕೂ ಪಾಠ, ಪಕ್ಕದಲ್ಲಿ ಅವರವರ ಹುಟ್ಟೂರು: ಒಬ್ಬರದು ಸೊನೋರಾ ಇರಬಹುದು, ಇನ್ನೊಬ್ಬರದು ಹಲಿಸ್ಕೊ. ಯಾರು ಮೊದಲು ಹಾಡಬೇಕೆಂಬ ಮುಂದಿನ ಜಗಳಕ್ಕೆ ವಯಸ್ಸಿನ ಲೆಕ್ಕ ಹಿಡಿಯಬೇಡಿ, ಯಾರೂ ನಿಜ ಹೇಳುವುದಿಲ್ಲ. ಚೀಟಿ ಎತ್ತಿ.